ಲಕ್ವಾ ಆದವರ ನೋವನ್ನು ಕೇಳಿಸಿಕೊಳ್ಳಿ

ಕಲಬುರಗಿ ನಗರದ, ಕಮಲಾಪುರ ತಾಲೂಕಿನ ಬಂಧುಗಳೇ,

ನಿಮ್ಮ ಮನೆಯಲ್ಲಿ ಲಕ್ವಾ ಹೊಡೆದು ಚೇತರಿಸಿಕೊಳ್ಳುತ್ತಿರುವವರು ಇದ್ದಾರೆಯೇ? ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ, ಸೋತ ಕೈಯಲ್ಲೋ ಕಾಲಲ್ಲೋ ಮುಖದಲ್ಲೋ ಅವರಿಗೆ ಥಟ್ಟನೆ ಉರಿ, ಇರಿತ, ಕರೆಂಟ್ ಹೊಡೆದಂಥ ನೋವು ಬರಬಹುದು. ಅರ್ಧ ನಿಮಿಷವೋ ಒಂದೆರಡು ನಿಮಿಷವೋ ಇದ್ದು ತಾನಾಗಿ ಹೋಗುತ್ತದೆ. ಇನ್ನೊಂದು ದಿನ ಅದೇ ಜಾಗದಲ್ಲಿ, ಅದೇ ರೀತಿ ಬರುತ್ತದೆ. ಇದು ಫಿಟ್ಸ್ ಇರಬಹುದು.

ನೆಲಕ್ಕೆ ಬಿದ್ದು ಒದ್ದಾಡಿದರೆ ಮಾತ್ರ ಫಿಟ್ಸ್ ಅಲ್ಲ. ಲಕ್ವಾ ಮಿದುಳಿನಲ್ಲಿ ಉಳಿಸಿದ ಕಲೆಯ ಸುತ್ತಲಿನ ನರಕೋಶಗಳು ಕೆಲವರಲ್ಲಿ ಆಗಾಗ ಕೆರಳುತ್ತವೆ. ಕೆರಳಿದ್ದು ಸ್ಪರ್ಶ, ನೋವುಗಳನ್ನು ಅರಿಯುವ ಭಾಗವಾದರೆ ಕೈ ಅದುರುವ ಬದಲು ಉರಿಯುತ್ತದೆ. ಎಚ್ಚರವೂ ಇರುತ್ತದೆ, ಮಾತೂ ಇರುತ್ತದೆ. ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ.

ಇದು ಅಪರೂಪ, ನಿಜ. ಲಕ್ವಾದ ನಂತರ ಹೆಗಲು ಬಿಗಿದು ನೋಯುವುದು, ದಿನವಿಡೀ ಮೈಯ ಒಂದು ಬದಿ ಉರಿಯುವುದು ಹೆಚ್ಚು ಸಾಮಾನ್ಯ; ಅವುಗಳ ಚಿಕಿತ್ಸೆ ಬೇರೆ. ಆದರೆ ಬಂದು ಹೋಗುವ, ಪ್ರತಿಸಲ ಒಂದೇ ತರಹದ ನೋವನ್ನು ವಯಸ್ಸಿನ ಮೇಲೆ, ವಾಯುವಿನ ಮೇಲೆ ಹಾಕಿ ಸುಮ್ಮನಾಗಬೇಡಿ.

ನಮ್ಮ ಕೋರಿಕೆ ಇಷ್ಟು:

ನೋವು ಬಂದ ದಿನ, ಹೊತ್ತು, ಜಾಗ ಬರೆದಿಡಿ. ಮೊಬೈಲಿನಲ್ಲಿ ವಿಡಿಯೊ ಮಾಡಿ. ನೋವಿನ ಜೊತೆ ಬೆರಳೋ ಬಾಯಿಯ ಅಂಚೋ ಅದುರಿದರೆ ವೈದ್ಯರಿಗೆ ಅದೇ ದೊಡ್ಡ ಸುಳಿವು.

ಮೆಡಿಕಲ್ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಿಸಬೇಡಿ. ರಕ್ತ ತೆಳುವಾಗಿಸುವ ಗುಳಿಗೆಯ ಜೊತೆ ಅಂಥ ಹಲವು ಗುಳಿಗೆಗಳು ಹೊಟ್ಟೆಯಲ್ಲಿ ರಕ್ತಸ್ರಾವ ತರಬಹುದು. ಬರೆ ಹಾಕಿಸುವುದಂತೂ ಬೇಡವೇ ಬೇಡ.

ಕಮಲಾಪುರದವರು ಊರಿನ ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಕಲಬುರಗಿಯ ಜಿಮ್ಸ್ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. "ಇದು ಫಿಟ್ಸ್ ಇರಬಹುದೇ?" ಎಂದು ನೀವೇ ಕೇಳಿ. ಮಿದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿ ಪರೀಕ್ಷೆ ಸರಿಯಾಗಿ ಬಂದರೂ ಫಿಟ್ಸ್ ಇಲ್ಲವೆಂದು ಅರ್ಥವಲ್ಲ; ನೋವಿಲ್ಲದ ಹೊತ್ತಿನಲ್ಲಿ ಅದು ಏನನ್ನೂ ತೋರಿಸದಿರಬಹುದು.

ಫಿಟ್ಸ್ ಗುಳಿಗೆ ಶುರುವಾದರೆ ಆರಾಮಾಯಿತೆಂದು ನಡುವೆ ಬಿಡಬೇಡಿ. ಥಟ್ಟನೆ ಬಿಟ್ಟರೆ ದೊಡ್ಡ ಫಿಟ್ಸ್ ಬರಬಹುದು.

ಹೊಸದಾಗಿ ಬಾಯಿ ಸೊಟ್ಟಗಾದರೆ, ಕೈ ಸೋತರೆ, ಇಲ್ಲವೇ ಮಾತು ತೊದಲಿದರೆ, ಅಥವಾ ಫಿಟ್ಸ್ 5 ನಿಮಿಷ ದಾಟಿದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಆಶಾ ಕಾರ್ಯಕರ್ತೆಯರಲ್ಲಿ ಒಂದು ವಿನಂತಿ: ಲಕ್ವಾ ಆದವರ ಮನೆಗೆ ಹೋದಾಗ ಬಿಪಿ, ಶುಗರ್ ಜೊತೆಗೆ, "ಒಂದೇ ಜಾಗದಲ್ಲಿ ನೋವು ಬಂದು ಬಂದು ಹೋಗುತ್ತದೆಯೇ?" ಎಂದೂ ಕೇಳಿ. ಹೌದು ಎಂದವರನ್ನು ಆ ವಾರವೇ ವೈದ್ಯರ ಬಳಿ ಕಳಿಸಿ. ನೋವು ಫಿಟ್ಸ್‌ನಿಂದಲೇ ಬರುತ್ತಿದ್ದರೆ ಅದನ್ನು ಗುಳಿಗೆಯಿಂದ ಹತೋಟಿಗೆ ತರಲು ಸಾಧ್ಯವಿದೆ.