ಜೂನ್ ಒಂದರಂದೇ ಇಷ್ಟು ಜನ ಹುಟ್ಟಿದರೇ?

ಮಕ್ಕಳೇ,

ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ನಿಮ್ಮ ಶಾಲೆಯಲ್ಲಿ ಯಾರಾದರೊಬ್ಬರು ‘ದಿನದ ವಿಶೇಷ’ ಓದುತ್ತಾರೆ ಅಲ್ಲವೇ? ಕೆಲವು ಶಾಲೆಗಳಲ್ಲಿ ಅದನ್ನು ಕಪ್ಪು ಹಲಗೆಯ ಮೂಲೆಯಲ್ಲಿ ಬರೆಯುವುದೂ ಉಂಟು. ಈ ದಿನ ಇಂಥವರು ಹುಟ್ಟಿದರು, ಇಂಥದ್ದು ನಡೆಯಿತು ಎಂದು ಎರಡು ಮೂರು ಸಾಲು ಇರುತ್ತವೆ. ಮರುದಿನ ಅದನ್ನು ಅಳಿಸಿ ಬೇರೆ ಬರೆಯುತ್ತಾರೆ. ನಿನ್ನೆ ಏನು ಬರೆದಿತ್ತು ಎಂದು ಕೇಳಿದರೆ ಹೆಚ್ಚಿನವರಿಗೆ ನೆನಪಿರುವುದಿಲ್ಲ.

ಇದು ಒಳ್ಳೆಯ ಪದ್ಧತಿ, ನಿಲ್ಲಬಾರದು. ಆದರೆ ಈಗ ನಡೆಯುತ್ತಿರುವ ರೀತಿಯಲ್ಲಿ ಇದು ಅರ್ಧ ಕೆಲಸ ಮಾತ್ರ ಎಂಬುದು ನನ್ನ ಅಭಿಪ್ರಾಯ. ತಾರೀಖನ್ನು ಬರೆದುಕೊಂಡರೆ ಸಾಲದು. ‘ಇದು ಹೇಗೆ ಗೊತ್ತಾಯಿತು?’ ಎಂದು ಅದನ್ನು ಪ್ರಶ್ನಿಸಬೇಕು. ಆ ಪ್ರಶ್ನೆಯನ್ನು ದೊಡ್ಡವರ ಜನ್ಮದಿನದ ಜೊತೆಗೆ ನಿಮ್ಮ ಜನ್ಮದಿನಕ್ಕೂ ಕೇಳಬೇಕು. ಯಾಕೆ ಎಂದು ನೋಡೋಣ.

ನವೆಂಬರ್ 7ರ ಮೂವರು

ನವೆಂಬರ್ 7ನ್ನು ತೆಗೆದುಕೊಳ್ಳಿ. ಸರ್ ಸಿ. ವಿ. ರಾಮನ್ ಅವರು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಹುಟ್ಟಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1933ರಲ್ಲಿ ನಿರ್ದೇಶಕರಾಗಿ ಬಂದ ಅವರು ಕೊನೆಯವರೆಗೂ ಬೆಂಗಳೂರಿನಲ್ಲೇ ಉಳಿದರು. ರೇಡಿಯಂ ಕಂಡುಹಿಡಿದ ಮೇರಿ ಕ್ಯೂರಿ ಹುಟ್ಟಿದ್ದೂ ನವೆಂಬರ್ 7ರಂದೇ. ವರ್ಷ 1867, ಊರು ಪೋಲೆಂಡಿನ ವಾರ್ಸಾ. ಯುರೇನಿಯಂ ಪರಮಾಣುವಿನ ನ್ಯೂಕ್ಲಿಯಸ್ ಒಡೆದು ಎರಡಾಗುವುದನ್ನು ವಿವರಿಸಿದ ಲೀಸ್ ಮೈಟ್ನರ್ ಅವರ ಜನ್ಮದಿನವೂ ಅದೇ. ಅವರು 1878ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವರು.

ಒಂದೇ ದಿನಾಂಕಕ್ಕೆ ಮೂವರು ದೊಡ್ಡ ವಿಜ್ಞಾನಿಗಳು! ಆ ದಿನದಲ್ಲೇ ಏನೋ ವಿಶೇಷ ಇದೆ ಎಂದು ಅನ್ನಿಸುವುದಿಲ್ಲವೇ? ಅನ್ನಿಸುತ್ತದೆ. ಆದರೆ ಅನ್ನಿಸುವುದು ಬೇರೆ, ಇರುವುದು ಬೇರೆ. ವರ್ಷಕ್ಕೆ ಇರುವುದು 365 ದಿನಗಳು. ಜಗತ್ತಿನಲ್ಲಿ ಹೆಸರು ಮಾಡಿದ ವಿಜ್ಞಾನಿಗಳು ಸಾವಿರಾರು ಜನ. ಸಾವಿರಾರು ಕಾಳುಗಳನ್ನು 365 ಬಟ್ಟಲುಗಳಿಗೆ ಕಣ್ಣು ಮುಚ್ಚಿ ಎಸೆದರೆ ಪ್ರತಿ ಬಟ್ಟಲಿಗೂ ಹಲವು ಕಾಳು ಬಿದ್ದೇ ಬೀಳುತ್ತವೆ. ನವೆಂಬರ್ 8ಕ್ಕೂ, ಮಾರ್ಚ್ 3ಕ್ಕೂ ಹುಡುಕಿದರೆ ಒಂದಷ್ಟು ಹೆಸರು ಸಿಗುತ್ತವೆ.

ನಿಮ್ಮ ತರಗತಿಯ ಲೆಕ್ಕ

ಇನ್ನೊಂದು ಪ್ರಶ್ನೆ. ತರಗತಿಯಲ್ಲಿ ಎಷ್ಟು ಮಕ್ಕಳಿದ್ದರೆ ಯಾರಾದರೂ ಇಬ್ಬರ ಜನ್ಮದಿನ ಒಂದೇ ಆಗುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು? ಬಹಳ ಮಂದಿ ‘ಸುಮಾರು 180’ ಎನ್ನುತ್ತಾರೆ. ಸರಿ ಉತ್ತರ ಕೇವಲ 23!

ನಂಬಿಕೆ ಬರಲಿಲ್ಲವೇ? ಜೋಡಿಗಳನ್ನು ಎಣಿಸಿ. 23 ಮಕ್ಕಳಲ್ಲಿ ಪ್ರತಿಯೊಬ್ಬರನ್ನೂ ಉಳಿದ 22 ಜನರ ಜೊತೆ ಹೋಲಿಸಬೇಕು. 23ನ್ನು 22ರಿಂದ ಗುಣಿಸಿ, ಎರಡರಿಂದ ಭಾಗಿಸಿದರೆ 253 ಜೋಡಿಗಳಾದವು. ಅಷ್ಟು ಜೋಡಿಗಳಲ್ಲಿ ಒಂದಾದರೂ ಹೊಂದಿಕೆಯಾಗುವುದು ಆಶ್ಚರ್ಯವಲ್ಲ. 40 ಮಕ್ಕಳಿರುವ ತರಗತಿಯಲ್ಲಿ 780 ಜೋಡಿಗಳು. ಅಲ್ಲಿ ಈ ಸಾಧ್ಯತೆ ನೂರಕ್ಕೆ 89ರಷ್ಟು.

ಆದರೆ ಎಚ್ಚರಿಕೆ! ಇದು ‘ಯಾವುದೋ ಒಂದು’ ದಿನ ಹೊಂದಿಕೆಯಾಗುವ ಲೆಕ್ಕ. ಇಂಥದೇ ದಿನ ಎಂದು ಮೊದಲೇ ಹೇಳಿಬಿಟ್ಟರೆ ಲೆಕ್ಕ ಬದಲಾಗುತ್ತದೆ. ಜೂನ್ 1ರಂದು ಹುಟ್ಟಿದವರು ಒಬ್ಬರಾದರೂ ಸಿಗುವ ಸಾಧ್ಯತೆ ಅರ್ಧದಷ್ಟಾಗಬೇಕಾದರೆ 253 ಮಕ್ಕಳು ಬೇಕು. 200 ಮಕ್ಕಳ ಶಾಲೆಯಲ್ಲಿ ಜೂನ್ 1ರವರು ಒಬ್ಬರೋ ಇಬ್ಬರೋ ಇರಬಹುದು, ಇಲ್ಲದೆಯೂ ಇರಬಹುದು.

ಈಗ ನಿಮ್ಮ ಮನೆಯ ಹಿರಿಯರ ಶಾಲಾ ದಾಖಲೆಯನ್ನು ನೋಡಿ. ಹೂವಿನ ಹಿಪ್ಪರಗಿಯ ಮಕ್ಕಳಿರಲಿ, ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯ ಮಕ್ಕಳಿರಲಿ, ಅಪ್ಪನ, ಕಾಕಾನ, ಅತ್ತೆಯ, ನೆರೆಮನೆಯವರ ಜನ್ಮದಿನ ಕೇಳುತ್ತಾ ಹೋಗಿ. ‘ಜೂನ್ 1’ ಎಂಬ ಉತ್ತರ ಮತ್ತೆ ಮತ್ತೆ ಬರುತ್ತದೆ. ಒಂದೇ ಮನೆಯ ಅಣ್ಣ ತಮ್ಮಂದಿರಿಗೂ ಜೂನ್ 1 ಇರುವುದುಂಟು! ಇದು ಆಕಸ್ಮಿಕವಾಗಿ ಆಗುವಂಥದ್ದಲ್ಲ. ಇಲ್ಲಿ ಮನುಷ್ಯರ ಕೈ ಇದೆ ಎಂದು ಗಣಿತವೇ ಹೇಳುತ್ತದೆ.

ಜೂನ್ ಒಂದು ಎಲ್ಲಿಂದ ಬಂತು?

ನಮ್ಮ ರಾಜ್ಯದಲ್ಲಿ ಶಾಲಾ ವರ್ಷ ಶುರುವಾಗುವುದು ಜೂನ್ ಹೊತ್ತಿಗೆ. ಮಗುವಿನ ವಯಸ್ಸನ್ನೂ ಜೂನ್ 1ಕ್ಕೆ ಲೆಕ್ಕ ಹಾಕುತ್ತಾರೆ. ಹಿಂದೆ ಹೆರಿಗೆಗಳು ಮನೆಯಲ್ಲೇ ಆಗುತ್ತಿದ್ದವು. ತಾರೀಖು ಬರೆದಿಡುವ ರೂಢಿ ಬಹಳ ಮನೆಗಳಲ್ಲಿ ಇರಲಿಲ್ಲ. ತಂದೆ ಮಗುವನ್ನು ಶಾಲೆಗೆ ಕರೆತಂದಾಗ ಗುರುಗಳು ‘ಯಾವಾಗ ಹುಟ್ಟಿದ?’ ಎಂದು ಕೇಳುತ್ತಿದ್ದರು. ‘ಸೀಗಿ ಹುಣ್ಣಿವಿ ಮುಂದ ಹುಟ್ಯಾನ್ರಿ’, ‘ಬರ ಬಿದ್ದ ವರ್ಷ ಹುಟ್ಯಾಳ್ರಿ’ ಎಂಬ ಉತ್ತರ ಬರುತ್ತಿತ್ತು. ಗುರುಗಳು ಮಗುವಿಗೆ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಲು ಹೇಳುತ್ತಿದ್ದರು. ಮುಟ್ಟಿದರೆ ಆರು ವರ್ಷ ತುಂಬಿದೆ ಎಂದು ಜೂನ್ 1 ಬರೆದು ಸೇರಿಸಿಕೊಳ್ಳುತ್ತಿದ್ದರು.

ಈ ಕಿವಿ ಮುಟ್ಟುವ ಪರೀಕ್ಷೆಯಲ್ಲಿ ಸ್ವಲ್ಪ ವಿಜ್ಞಾನವೂ ಇದೆ. ಚಿಕ್ಕ ಮಗುವಿನ ತಲೆ ದೇಹಕ್ಕೆ ಹೋಲಿಸಿದರೆ ದೊಡ್ಡದು, ಕೈ ಗಿಡ್ಡ. ಬೆಳೆಯುತ್ತಾ ತಲೆಗಿಂತ ಕೈ ಬೇಗ ಉದ್ದವಾಗುತ್ತದೆ. ಆರು ವರ್ಷದ ಆಸುಪಾಸಿನಲ್ಲಿ ಕೈ ಕಿವಿಗೆ ಸಿಗುತ್ತದೆ. ಆದರೆ ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಆದ್ದರಿಂದ ಈ ಪರೀಕ್ಷೆ ಅಂದಾಜನ್ನು ಕೊಡುತ್ತದೆಯೇ ಹೊರತು ತಾರೀಖನ್ನು ಕೊಡುವುದಿಲ್ಲ.

ಆ ಗುರುಗಳನ್ನು ದೂರಬೇಕೇ? ಬೇಡ. ಕಾಗದವಿಲ್ಲ ಎಂದು ಅವರು ಮಗುವನ್ನು ವಾಪಸ್ ಕಳಿಸಲಿಲ್ಲ, ಒಳಗೆ ಕರೆದುಕೊಂಡರು. ಆ ಒಂದು ಸಾಲಿನಿಂದ ಎಷ್ಟೋ ಜನ ಅಕ್ಷರ ಕಲಿತರು. ಆದರೆ ಅಂದಿನ ಅನಿವಾರ್ಯವನ್ನು ಇಂದೂ ರೂಢಿಯೆಂದು ಮುಂದುವರಿಸುವುದು ಸರಿಯಲ್ಲ.

ನಾಲ್ಕು ತಿಂಗಳ ವ್ಯತ್ಯಾಸದಿಂದ ಏನಾಗುತ್ತದೆ?

‘ಅಷ್ಟಿಷ್ಟು ಹೆಚ್ಚು ಕಡಿಮೆಯಾದರೆ ಏನು ಮಹಾ?’ ಎಂದು ಕೆಲವರು ಕೇಳುತ್ತಾರೆ. ಒಂದು ಉದಾಹರಣೆ ನೋಡಿ. ಅಂಗನವಾಡಿಯಲ್ಲಿ ಮಗುವನ್ನು ತೂಗಿ ವಯಸ್ಸಿಗೆ ತಕ್ಕ ತೂಕ ಇದೆಯೇ ಎಂದು ಪಟ್ಟಿಯಲ್ಲಿ ನೋಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯ ಪ್ರಕಾರ 24 ತಿಂಗಳ ಗಂಡು ಮಗುವಿನ ತೂಕ 9.7 ಕಿಲೋಗಿಂತ ಕಡಿಮೆ ಇರಬಾರದು. 30 ತಿಂಗಳಿಗೆ ಆ ಮಿತಿ 10.5 ಕಿಲೋ. ಈಗ 10 ಕಿಲೋ ತೂಗುವ ಒಂದು ಮಗುವಿದೆ ಎನ್ನಿ. ಅದರ ನಿಜವಾದ ವಯಸ್ಸು 30 ತಿಂಗಳು. ತಾರೀಖು ತಪ್ಪಾಗಿ 24 ಎಂದು ಬರೆದಿದ್ದರೆ ‘ಪರವಾಗಿಲ್ಲ’ ಎಂಬ ಸಾಲಿಗೆ ಸೇರುತ್ತದೆ. ತೂಕದ ತಕ್ಕಡಿ ಸರಿಯಿದ್ದರೂ ಪೌಷ್ಟಿಕ ಆಹಾರ ಬೇಕಾದ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ.

ಲಸಿಕೆಗಳ ಲೆಕ್ಕವೂ ಹೀಗೆಯೇ. ಹುಟ್ಟಿದಾಗ ಬಿ.ಸಿ.ಜಿ., ಬಳಿಕ 6, 10, 14 ವಾರಕ್ಕೆ ಬೇರೆ ಲಸಿಕೆಗಳು, 9 ತಿಂಗಳು ತುಂಬಿದ ಮೇಲೆ ದಡಾರ ಮತ್ತು ರುಬೆಲ್ಲಾ ಲಸಿಕೆ. ಇವೆಲ್ಲವನ್ನೂ ಜನ್ಮದಿನದಿಂದಲೇ ಎಣಿಸಬೇಕು. ಮುಂದೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೂ ಅದೇ ತಾರೀಖು ಹೋಗುತ್ತದೆ. ಅಲ್ಲಿಂದ ನೌಕರಿಗೆ, ನಿವೃತ್ತಿಗೆ, ಪಿಂಚಣಿಗೆ. ಹುಡುಗಿಗೆ 18 ತುಂಬದೆ ಮದುವೆ ಮಾಡುವಂತಿಲ್ಲ ಎಂಬ ಕಾನೂನು ಅವಳನ್ನು ಕಾಯಬೇಕಾದರೆ ಅವಳ ವಯಸ್ಸು ಸರಿಯಾಗಿ ಬರೆದಿರಬೇಕು. ಸುಳ್ಳು ತಾರೀಖು ಅವಳಿಗೆ ಒಂದು ವರ್ಷ ಮೊದಲೇ 18 ಮಾಡಿಬಿಡಬಹುದು.

ಬರೆದದ್ದೆಲ್ಲ ಸರಿಯೇ?

ಬರೆದಿಟ್ಟಿದ್ದರೂ ಪರೀಕ್ಷಿಸಬೇಕು. ಲೀಸ್ ಮೈಟ್ನರ್ ವಿಷಯವನ್ನೇ ನೋಡಿ. ವಿಯೆನ್ನಾದ ಜನನ ದಾಖಲೆಯಲ್ಲಿ ಅವರ ಜನ್ಮದಿನ ನವೆಂಬರ್ 17 ಎಂದಿದೆ. ಉಳಿದ ದಾಖಲೆಗಳಲ್ಲಿ ನವೆಂಬರ್ 7. ಅವರು ಆಚರಿಸುತ್ತಿದ್ದುದೂ 7ರಂದೇ. ಎರಡು ಕಾಗದ ಎರಡು ಮಾತು ಹೇಳಿದಾಗ ಮೂರನೆಯದನ್ನು ಹುಡುಕಬೇಕು. ವಿಜ್ಞಾನಿಗಳು ಮಾಡುವುದೂ ಇದನ್ನೇ.

ಯಾವ ಕ್ಯಾಲೆಂಡರ್ ಎಂಬುದೂ ಮುಖ್ಯ. ರಷ್ಯಾದ ‘ಅಕ್ಟೋಬರ್ ಕ್ರಾಂತಿ’ ನಡೆದದ್ದು 1917ರ ನವೆಂಬರ್ 7ರಂದು! ಅಲ್ಲಿ ಆಗ ಬಳಕೆಯಲ್ಲಿದ್ದ ಹಳೆಯ ಕ್ಯಾಲೆಂಡರು ನಮ್ಮದಕ್ಕಿಂತ 13 ದಿನ ಹಿಂದೆ ಇತ್ತು. ಅದರ ಪ್ರಕಾರ ಆ ದಿನ ಅಕ್ಟೋಬರ್ 25. ನ್ಯೂಟನ್ ಹುಟ್ಟಿದ್ದು 1642ರ ಡಿಸೆಂಬರ್ 25 ಎಂದು ಓದುತ್ತೇವೆ. ಅದೂ ಹಳೆಯ ಲೆಕ್ಕ. ಇಂದಿನ ಲೆಕ್ಕದಲ್ಲಿ ಅದು 1643ರ ಜನವರಿ 4.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಹೂವಿನ ಹಿಪ್ಪರಗಿ ಇರುವುದು ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿ. ಬಾಗೇವಾಡಿ ಬಸವಣ್ಣನವರು ಹುಟ್ಟಿದ ಊರು. ಬಸವ ಜಯಂತಿ 2024ರಲ್ಲಿ ಮೇ 10ಕ್ಕೆ ಬಂತು, 2025ರಲ್ಲಿ ಏಪ್ರಿಲ್ 30ಕ್ಕೆ. ಜನ್ಮದಿನ ಪ್ರತಿ ವರ್ಷ ಓಡಾಡುವುದೇಕೆ? ಏಕೆಂದರೆ ಅದನ್ನು ವೈಶಾಖ ಮಾಸದ ತದಿಗೆಯಂದು, ಅಂದರೆ ಚಂದ್ರನನ್ನು ನೋಡಿ ಎಣಿಸುತ್ತೇವೆ. ಚಂದ್ರನ ಒಂದು ತಿಂಗಳು ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಹನ್ನೆರಡು ತಿಂಗಳಿಗೆ 354 ದಿನ. ಸೂರ್ಯನ ವರ್ಷಕ್ಕಿಂತ ಸುಮಾರು 11 ದಿನ ಕಡಿಮೆ. ಹಾಗಾಗಿ ಹಬ್ಬಗಳು ವರ್ಷ ವರ್ಷ ಹಿಂದೆ ಸರಿಯುತ್ತವೆ. ಅಧಿಕ ಮಾಸ ಬಂದಾಗ ಮತ್ತೆ ಮುಂದಕ್ಕೆ ಬರುತ್ತವೆ.

ಈ ಜ್ಞಾನ ನಿಮ್ಮ ಮನೆಯಲ್ಲೂ ಉಪಯೋಗಕ್ಕೆ ಬರುತ್ತದೆ. ಅಜ್ಜಿ ‘ಸೀಗಿ ಹುಣ್ಣಿವಿ’ ಎಂದರೆ ಅದು ಬರುವುದು ಸಾಮಾನ್ಯವಾಗಿ ಅಕ್ಟೋಬರ್ ತಿಂಗಳಲ್ಲಿ. ‘ಎಳ್ಳ ಅಮಾಸಿ’ ಎಂದರೆ ಡಿಸೆಂಬರ್ ಅಥವಾ ಜನವರಿ. ವರ್ಷ ಗೊತ್ತಿದ್ದರೆ ಆ ವರ್ಷದ ಪಂಚಾಂಗ ನೋಡಿ ತಾರೀಖನ್ನೇ ಹುಡುಕಬಹುದು. ಓದಲು ಬಾರದ ಅಜ್ಜಿಯ ನೆನಪು ರಿಜಿಸ್ಟರಿನ ಜೂನ್ 1ಕ್ಕಿಂತ ನಿಜಕ್ಕೆ ಹತ್ತಿರವಿರಬಹುದು ಅಲ್ಲವೇ?

ಹಲಗೆಯ ಮೇಲೆ ಇನ್ನೊಂದು ಸಾಲು

ಹಾಗಾದರೆ ಏನು ಮಾಡಬೇಕು? ನನ್ನ ಸಲಹೆ ಸಣ್ಣದು. ‘ದಿನದ ವಿಶೇಷ’ದ ಕೆಳಗೆ ‘ಹೇಗೆ ಗೊತ್ತು?’ ಎಂಬ ಒಂದು ಸಾಲು ಸೇರಿಸಿ. ಉದಾಹರಣೆಗೆ, ಫೆಬ್ರವರಿ 28ನ್ನು ರಾಮನ್ ಅವರ ಜನ್ಮದಿನ ಎಂದು ಬರೆಯುವವರಿದ್ದಾರೆ. ‘ಹೇಗೆ ಗೊತ್ತು?’ ಎಂದು ಕೇಳಿದರೆ ತಪ್ಪು ತಿಳಿಯುತ್ತದೆ. 1928ರ ಆ ದಿನ ರಾಮನ್ ಪರಿಣಾಮವನ್ನು ಕಂಡುಕೊಂಡರು. ಅದರ ನೆನಪಿಗೆ 1987ರಿಂದ ರಾಷ್ಟ್ರೀಯ ವಿಜ್ಞಾನ ದಿನ ಆಚರಿಸುತ್ತಿದ್ದೇವೆ. ಆ ಒಂದು ದಿನದ ಹಿಂದೆ ಹಲವು ವರ್ಷಗಳ ದುಡಿಮೆಯಿತ್ತು. ಕೆ. ಎಸ್. ಕೃಷ್ಣನ್ ಅವರಂಥ ಜೊತೆಗಾರರಿದ್ದರು. ಹುಟ್ಟಿದ ದಿನಕ್ಕೆ ಯಾರೂ ದುಡಿಯಬೇಕಾಗಿಲ್ಲ. ಕಂಡುಕೊಂಡ ದಿನಕ್ಕೆ ದುಡಿಯಬೇಕು.

ಎರಡನೆಯ ಸಲಹೆ ಮನೆಯದು. ನಿಮ್ಮ ಜನನ ಪ್ರಮಾಣ ಪತ್ರ, ತಾಯಿ ಕಾರ್ಡು ಮತ್ತು ಶಾಲೆಯ ದಾಖಲಾತಿ ಈ ಮೂರರಲ್ಲೂ ಒಂದೇ ತಾರೀಖು ಇದೆಯೇ ಎಂದು ಅವ್ವ ಅಪ್ಪನ ಜೊತೆ ಕೂತು ನೋಡಿ. ಬೇರೆ ಬೇರೆ ಇದ್ದರೆ ಮುಖ್ಯ ಗುರುಗಳನ್ನು ಕಾಣಲು ಅಪ್ಪನಿಗೆ ಹೇಳಿ. ಪ್ರಾಥಮಿಕ ಶಾಲೆಯಲ್ಲಿರುವಾಗಲೇ ನೋಡಿಕೊಂಡರೆ ಸುಲಭ. ಎಸ್.ಎಸ್.ಎಲ್.ಸಿ. ಮುಗಿದ ಮೇಲೆ ಕಷ್ಟ. ಪ್ರಮಾಣ ಪತ್ರ ಇಲ್ಲವೆಂದು ಯಾರೂ ಶಾಲೆ ಬಿಡಬೇಕಾಗಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ.

ಮೂರನೆಯದು, ನಿಮ್ಮ ಓಣಿಯಲ್ಲಿ ಮಗು ಹುಟ್ಟಿದಾಗ ಮಾಡುವ ಕೆಲಸ. ‘ನೋಂದಣಿ ಆಯ್ತಾ?’ ಎಂದು ಮನೆಯವರನ್ನು ಕೇಳಿ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ 21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ. ಒಂದು ವರ್ಷ ಮೀರಿದರೆ ಮೇಲಧಿಕಾರಿಯ ಆದೇಶಕ್ಕೆ ಅಲೆಯಬೇಕು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೆ ಸೇರಲು, ಮತದಾರರ ಪಟ್ಟಿಗೆ, ಸರ್ಕಾರಿ ನೌಕರಿಗೆ ಜನನ ಪ್ರಮಾಣ ಪತ್ರವೇ ಜನ್ಮದಿನದ ಪುರಾವೆ. ಆ ಮಕ್ಕಳು ಒಂದನೇ ತರಗತಿಗೆ ಬರುವಾಗ ರಿಜಿಸ್ಟರಿನಲ್ಲಿ ಜೂನ್ 1ರ ಸಾಲುಗಳು ಕಡಿಮೆಯಾಗಿರಬೇಕು.

ಮಾಡಿ ನೋಡಿ

ಗುರುಗಳ ಸಹಾಯದಿಂದ ನಿಮ್ಮ ಶಾಲೆಯ ಎಲ್ಲ ಮಕ್ಕಳ ಜನ್ಮದಿನಗಳನ್ನು ಪಡೆಯಿರಿ. ಹೆಸರು ಬರೆಯಬೇಡಿ, ತಾರೀಖು ಸಾಕು. ಹನ್ನೆರಡು ತಿಂಗಳಿಗೆ ಹನ್ನೆರಡು ಕಂಬಗಳ ಸ್ತಂಭಾಲೇಖ ಬಿಡಿಸಿ. ಕಂಬಗಳು ಹೆಚ್ಚು ಕಡಿಮೆ ಸಮನಾಗಿವೆಯೇ? ಜೂನ್ ಕಂಬ ಎತ್ತರವಾಗಿದ್ದರೆ ಅದರಲ್ಲಿ 1ನೇ ತಾರೀಖಿನವರೆಷ್ಟು ಎಂದು ಎಣಿಸಿ. ಬಳಿಕ ಹತ್ತು ಹಿರಿಯರನ್ನು ಕೇಳಿ ಇಂಥದೇ ಇನ್ನೊಂದು ಪಟ್ಟಿ ಮಾಡಿ, ಎರಡನ್ನೂ ಹೋಲಿಸಿ. ನಿಮ್ಮ ಕಾಲದಲ್ಲಿ ಊರು ಎಷ್ಟು ಸುಧಾರಿಸಿದೆ ಎಂಬುದು ನಿಮಗೇ ತಿಳಿಯುತ್ತದೆ. ಈ ಆಲೇಖವನ್ನು ಮುಂದಿನ ಫೆಬ್ರವರಿ 28ರಂದು ಶಾಲೆಯ ಗೋಡೆಗೆ ಹಚ್ಚಿ, ಊರವರನ್ನು ಕರೆದು ತೋರಿಸಿ.