ಕವಳಿಮಟ್ಟಿ ಬಂಜರಲ್ಲ

ವೈಶಾಖದ ಬಿಸಿಲಿಗೆ ಬಾವಿಗಳು ತಳ ಕಾಣುವ ದಿನಗಳಲ್ಲಿ ಬೆಟ್ಟದ ಕವಳಿಮಟ್ಟಿಗಳು ಹಣ್ಣಿನಿಂದ ಕಪ್ಪಾಗಿರುತ್ತವೆ. ಕರಾವಳಿಯಲ್ಲಿ ಕರಂಡೆ ಎಂದು ಕರೆಯಲ್ಪಡುವ ಈ ಪೊದೆ ಕಣಗಿಲೆಯ ಕುಟುಂಬಕ್ಕೆ ಸೇರಿದ್ದು. ಎಲೆ ಕಿತ್ತಲ್ಲಿ ಬಿಳಿ ಹಾಲು ಒಸರುತ್ತದೆ, ಗೆಣ್ಣುಗಳಲ್ಲಿ ಜೋಡಿ ಮುಳ್ಳುಗಳಿರುತ್ತವೆ. ಕಾಯಿ ಉಪ್ಪಿನಕಾಯಿಗೆ, ಹಣ್ಣು ಮಕ್ಕಳಿಗೆ, ಉಳಿದದ್ದು ಪಿಕಳಾರಗಳಿಗೆ. ಪೇಟೆಯ ಬೇಕರಿಗಳಲ್ಲಿ ಕೇಕಿನ ಮೇಲೆ ಕೂರುವ ಕೆಂಪು ‘ಚೆರ್ರಿ’ಯೂ ಅನೇಕ ವೇಳೆ ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿ ಕುದಿಸಿದ ಕವಳಿಯೇ!

ಕವಳಿಯು ದಟ್ಟ ಕಾನಿನ ಸಸ್ಯವಲ್ಲ. ಅದಕ್ಕೆ ಬಿಸಿಲು ಬೇಕು. ಮಣ್ಣು ತೆಳುವಾಗಿ ಮುರಕಲ್ಲು ಮೇಲೆದ್ದ ಗುಡ್ಡದ ನೆತ್ತಿ, ಬ್ಯಾಣ, ಗೋಮಾಳ, ಕಾನಿನ ಅಂಚು ಇವೇ ಅದರ ನೆಲೆ. ದನಕರುಗಳು ನಿತ್ಯವೂ ಮೇಯುವ ಇಂತಹ ನೆಲದಲ್ಲಿ ಮರದ ಸಸಿಯೊಂದು ತಲೆಯೆತ್ತುವುದು ಕಷ್ಟ. ಆದರೆ ಕವಳಿಯ ಮುಳ್ಳಿನ ಒಡಲಿಗೆ ದನದ ಬಾಯಿ ನಿಲುಕದು. ಹಕ್ಕಿಗಳು ಉದುರಿಸಿದ ಬೀಜಗಳು ಅದರೊಳಗಿನ ನೆರಳಿನಲ್ಲಿ, ತರಗೆಲೆಯ ತೇವದಲ್ಲಿ ಮೊಳೆತು, ಪೊದೆಯನ್ನು ಸೀಳಿಕೊಂಡು ಮೇಲೆ ಬರುತ್ತವೆ. ಬೇಲಿ, ಕಾವಲು, ಅನುದಾನ ಯಾವುದನ್ನೂ ಬೇಡದ ಸಸ್ಯಪಾಲನಾ ಕ್ಷೇತ್ರವಿದು.

ಸರ್ಕಾರದ ಕಾಗದಗಳಲ್ಲಿ ಇದೇ ನೆಲದ ಹೆಸರು ಬೇರೆ. ಕೇಂದ್ರ ಸರ್ಕಾರವು 2000ದಿಂದ ಪ್ರಕಟಿಸುತ್ತ ಬಂದಿರುವ ಬಂಜರುಭೂಮಿ ನಕಾಶೆಗಳ ಸಂಪುಟಗಳಲ್ಲಿ ಪೊದೆಯುಳ್ಳ ಭೂಮಿಯೂ ಬಂಜರಿನ ಒಂದು ವರ್ಗ; 2019ರ ಸಂಪುಟದಲ್ಲಿಯೂ ಅದು ಹಾಗೆಯೇ ಇದೆ. ಬಂಜರೆಂದು ಬರೆದ ಮೇಲೆ ಅದನ್ನು ‘ಅಭಿವೃದ್ಧಿ’ಪಡಿಸುವುದು ಪುಣ್ಯಕಾರ್ಯವೇ ಆಗಿಬಿಡುತ್ತದೆ. ರಾಜ್ಯ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೂ ಕೂಡಿ 1984ರಲ್ಲಿ ಕಟ್ಟಿದ ಕರ್ನಾಟಕ ಪಲ್ಪ್‌ವುಡ್ ಸಂಸ್ಥೆಯ ಪಾಲಿಗೆ ಊರೊಟ್ಟಿನ ಭೂಮಿ ಸೇರಿದ್ದು ಇಂತಹ ಭಾಷೆಯ ಬಲದಿಂದಲೇ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಬೇಕಾದ ಸಸಿಗಳನ್ನು ನೆಟ್ಟು ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಸಿದರು. 1991ರಲ್ಲಿ ಆ ಸಂಸ್ಥೆ ಮುಚ್ಚಿತು. ‘ಬಂಜರು’ ಎಂಬ ಪದ ಮಾತ್ರ ಉಳಿಯಿತು. ಮಲೆನಾಡಿನ ಬೆಟ್ಟಗಳಲ್ಲಿ ಅಕೇಶಿಯ ನೆಡುತೋಪುಗಳು ಹಬ್ಬಿದವು. ಅದರ ಎಲೆಯನ್ನು ದನ ಮೇಯದು; ಅದರ ದಟ್ಟ ನೆರಳಿನಲ್ಲಿ ಕವಳಿ ಸರಿಯಾಗಿ ಕಾಯಿ ಬಿಡದು.

ಆದರೂ ದೂರನ್ನೆಲ್ಲ ಸರ್ಕಾರದ ಮೇಲೆ ಹೊರಿಸುವುದು ನ್ಯಾಯವಲ್ಲ. ಅಡಿಕೆಯ ಬೆಲೆ ಏರಿದಾಗ ಬ್ಯಾಣಗಳಿಗೆ ಯಂತ್ರ ಇಳಿಸಿ ಬೋಳಿಸಿದವರಲ್ಲಿ ಊರಿನವರೂ ಇದ್ದಾರೆ.

2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಆ ದಾಖಲಾತಿಯು ಔಷಧಿ ಸಸ್ಯ, ದೊಡ್ಡ ಮರಗಳ ಪಟ್ಟಿಯಲ್ಲಿಯೇ ಮುಗಿಯಬಾರದು. ಕವಳಿಯ ಹಿಂಡಲುಗಳು ಎಲ್ಲೆಲ್ಲಿವೆ ಎಂಬುದನ್ನು ಗ್ರಾಮಸ್ಥರು ಸರ್ವೆ ನಂಬರಿನ ಸಮೇತ ಅದರಲ್ಲಿ ಬರೆಸಬೇಕು. ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿಗಳು ಬೆಟ್ಟ ಸುತ್ತಿ ಈ ಗುರುತು ಮಾಡಿಕೊಡಬಹುದು; ಆಗ ಹಣ್ಣೇ ದಾರಿ ತೋರಿಸುತ್ತದೆ. ಕಳೆದುಹೋದ ಕಡೆ ಮತ್ತೆ ಬೆಳೆಸುವವರು ಬೀಜವನ್ನು ಮುಂದಿನ ವರ್ಷಕ್ಕೆಂದು ಕಟ್ಟಿಡಬಾರದು. ಅದರ ಮೊಳೆಯುವ ಶಕ್ತಿ ಬಹುಬೇಗ ಕುಂದುತ್ತದೆ. ಹಣ್ಣು ಕಿವುಚಿ, ಬೀಜ ತೊಳೆದು, ನೆರಳಿನಲ್ಲಿ ಆರಿಸಿ ಅದೇ ಮಳೆಗಾಲದ ಆರಂಭದಲ್ಲಿ ಊರಬೇಕು.