ಬೆಕ್ಕಿಗೆ ದೊಡ್ಡಪತ್ರೆ ರಸ ಬೇಡ

ಮಗುವಿಗೆ ಶೀತವಾದರೆ ದೊಡ್ಡಪತ್ರೆ ಎಲೆಯನ್ನು ಬೆಂಕಿಗೆ ಹಿಡಿದು ಬಾಡಿಸಿ ರಸ ಹಿಂಡಿ ಕುಡಿಸುವುದು ನಮ್ಮ ಮನೆಗಳ ಹಳೆಯ ರೂಢಿ. ಉರ್ದು ಮಾತಾಡುವವರು ಇದನ್ನೇ ಅಜ್ವಾನ್ ಪತ್ತಾ ಎನ್ನುತ್ತಾರೆ. ತಂಬುಳಿ, ಚಟ್ನಿ, ಬಜ್ಜಿಗೂ ಬೇಕು. ಪೀಣ್ಯ, ದಾಸರಹಳ್ಳಿಯ ಬಾಡಿಗೆ ಮನೆಗಳ ಮೆಟ್ಟಿಲುಗಳಲ್ಲಿ, ವೈಟ್‌ಫೀಲ್ಡ್‌ನ ಫ್ಲ್ಯಾಟುಗಳ ಬಾಲ್ಕನಿಯಲ್ಲಿ, ಒಡೆದ ಬಕೆಟ್‌ನಲ್ಲೂ ಅದು ಬೆಳೆಯುತ್ತದೆ. ಈಗ ಅದೇ ಬಾಲ್ಕನಿಯಲ್ಲಿ ಬೆಕ್ಕೂ ಇರುತ್ತದೆ. ಹಾಗಾಗಿ ದವಾಖಾನೆಯಲ್ಲಿ ಎರಡು ಪ್ರಶ್ನೆಗಳು ಬರುತ್ತಿವೆ. ಬೆಕ್ಕು ಈ ಎಲೆ ಕಚ್ಚಿದರೆ ಅಪಾಯವೇ? ಬೆಕ್ಕು ಸೀನುತ್ತಿದ್ದರೆ ಇದರ ರಸ ಕೊಡಬಹುದೇ?

ಮೊದಲನೆಯದಕ್ಕೆ ಗಾಬರಿ ಬೇಡ. ಎರಡನೆಯದನ್ನು ಖಂಡಿತ ಮಾಡಬೇಡಿ.

ಗಿಡಮೂಲಿಕೆ ಕೊಡುವ ಹಕೀಮನೇ ಹೀಗೆ ಹೇಳುವುದೇ ಎಂದು ಕೆಲವರಿಗೆ ಆಶ್ಚರ್ಯವಾಗಬಹುದು. ಆದರೆ ಯುನಾನಿ ವೈದ್ಯಶಾಸ್ತ್ರದ ಮೊದಲ ಪಾಠವೇ ಮಿಜಾಜ್. ಮನುಷ್ಯನ ಮಿಜಾಜ್ ಬೇರೆ, ಪ್ರಾಣಿಗಳದ್ದು ಬೇರೆ. ಇಂದಿನ ವಿಜ್ಞಾನ ಇದಕ್ಕೆ ಸ್ಪಷ್ಟ ಕಾರಣವನ್ನೂ ಕೊಡುತ್ತದೆ. ದೊಡ್ಡಪತ್ರೆಯ ಘಾಟು ವಾಸನೆಗೆ ಕಾರಣ ಕಾರ್ವಕ್ರಾಲ್, ಥೈಮಾಲ್ ಎಂಬ ಎಣ್ಣೆಯಂಶಗಳು. ನಮ್ಮ ಯಕೃತ್ತು ಇವನ್ನು ಸುಲಭವಾಗಿ ಹೊರಹಾಕುತ್ತದೆ. ಬೆಕ್ಕಿನ ಯಕೃತ್ತಿನಲ್ಲಿ ಆ ಕೆಲಸ ಮಾಡುವ ಕಿಣ್ವದ ಕೊರತೆಯಿದೆ. ಜ್ವರಕ್ಕೆ ನಾವು ನುಂಗುವ ಪ್ಯಾರಸಿಟಮಾಲ್ ಮಾತ್ರೆ ಬೆಕ್ಕಿನ ಜೀವ ತೆಗೆಯುವುದೂ ಇದೇ ಕೊರತೆಯಿಂದ.

ಪ್ರಾಣಿಗಳ ವಿಷಬಾಧೆಯ ಬಗ್ಗೆ ಕೆಲಸ ಮಾಡುವ ಅಮೆರಿಕದ ಎಎಸ್‌ಪಿಸಿಎ ಸಂಸ್ಥೆ ದೊಡ್ಡಪತ್ರೆಯನ್ನು ಬೆಕ್ಕು, ನಾಯಿ, ಕುದುರೆಗಳಿಗೆ ವಿಷಕಾರಿ ಎಂದೇ ಪಟ್ಟಿ ಮಾಡಿದೆ. ಲಕ್ಷಣಗಳು ವಾಂತಿ, ಭೇದಿ, ಮಂಕು, ಊಟ ಬಿಡುವುದು. ಕೆಲವೊಮ್ಮೆ ವಾಂತಿ ಭೇದಿಯಲ್ಲಿ ರಕ್ತ. ಒಂದು ಎಲೆಯ ತುದಿ ಕಚ್ಚಿದ ಬೆಕ್ಕು ಹೆಚ್ಚೆಂದರೆ ಒಮ್ಮೆ ವಾಂತಿ ಮಾಡೀತು. ವಾಸನೆಗೇ ಅದು ದೂರ ಹೋಗುವುದೂ ಉಂಟು. ಆದರೆ ಹಿಂಡಿದ ರಸದ ಮಾತು ಬೇರೆ. ಹತ್ತು ಎಲೆಯ ಸಾರ ಒಂದು ಚಮಚದಲ್ಲಿರುತ್ತದೆ, ಕುಡಿಯುವ ಬೆಕ್ಕಿನ ತೂಕ ಮೂರು ನಾಲ್ಕು ಕಿಲೋ. ಮೈಗೆ ಹಚ್ಚಿದರೂ ನೆಕ್ಕಿ ಹೊಟ್ಟೆಗೆ ಸೇರಿಸಿಕೊಳ್ಳುತ್ತದೆ. ಓಮದ ಎಣ್ಣೆ, ಪುದೀನ ಎಣ್ಣೆಗೂ ಇದೇ ಮಾತು.

ಗಿಡವನ್ನು ಕಿತ್ತೆಸೆಯಬೇಕಿಲ್ಲ. ಕುಂಡವನ್ನು ಮೇಲೆ ತೂಗುಹಾಕಿ. ಗಂಡ ಹೆಂಡತಿ ಇಬ್ಬರೂ ಶಿಫ್ಟ್‌ಗೆ ಹೋದ ಮೇಲೆ ಬೀಗ ಹಾಕಿದ ಮನೆಯಲ್ಲಿ ಬೇಸರದಿಂದ ಕೂತ ಮರಿಬೆಕ್ಕು ಸಿಕ್ಕಿದ್ದನ್ನೆಲ್ಲ ಅಗಿಯುತ್ತದೆ. ಅದಕ್ಕೆಂದೇ ಒಂದು ಡಬ್ಬಿಯಲ್ಲಿ ಹಿಡಿ ಗೋಧಿ ಬಿತ್ತಿ, ಹುಲ್ಲು ಬರಲಿ. ಕೊತ್ತಂಬರಿ ಸೊಪ್ಪಿನ ಬಗ್ಗೆ ಕೇಳುವವರಿಗೆ: ಅದರಿಂದ ತೊಂದರೆಯಿಲ್ಲ. ಪುದೀನ ಸೊಪ್ಪು ಹೆಚ್ಚು ತಿಂದರೆ ಹೊಟ್ಟೆ ಕೆಡುತ್ತದೆ, ಅಷ್ಟೆ.

ನನಗೆ ನಿಜವಾಗಿ ಚಿಂತೆಯಾಗುವುದು ಗಿಡಕ್ಕಿಂತ ತಟ್ಟೆಯ ಬಗ್ಗೆ. ಬೆಕ್ಕು ನಜಸ್ ಅಲ್ಲ, ನಮ್ಮ ನಡುವೆ ಓಡಾಡುವ ಜೀವಿ ಎಂದು ಪ್ರವಾದಿ(ಸ) ತಿಳಿಸಿರುವುದರಿಂದ ನಮ್ಮ ಮನೆಗಳಲ್ಲಿ ಅದಕ್ಕೆ ದಸ್ತರ್‌ಖಾನಿನ ಪಕ್ಕದಲ್ಲೇ ಜಾಗ. ಉಳಿದ ಬಿರಿಯಾನಿ, ಕುರ್ಮಾದ ಮಸಾಲೆ ಅದರ ಪಾಲಿಗೆ. ಅದರಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದೇಹತೂಕದ ಪ್ರತಿ ಕಿಲೋಗೆ 5 ಗ್ರಾಂ ಈರುಳ್ಳಿ ಸಾಕು. ನಾಲ್ಕು ಕಿಲೋ ಬೆಕ್ಕಿಗೆ 20 ಗ್ರಾಂ. ಬೆಂದರೂ, ಹುರಿದರೂ ವಿಷ ಹೋಗದು. ಲಕ್ಷಣಗಳು ಕಾಣಲು ಕೆಲವು ದಿನ ಬೇಕಾಗುವುದರಿಂದ ಕಾರಣ ಯಾರಿಗೂ ಹೊಳೆಯುವುದಿಲ್ಲ. ವಸಡು ಬಿಳಿಚಿದ್ದರೆ, ಮೂತ್ರ ಕಂದು ಬಣ್ಣಕ್ಕೆ ತಿರುಗಿದ್ದರೆ ತಡಮಾಡಬೇಡಿ. ಬೆಕ್ಕಿಗೆ ಕೊಡುವ ಮಾಂಸವನ್ನು ಮಸಾಲೆ ಹಾಕುವ ಮೊದಲೇ ನೀರಿನಲ್ಲಿ ಬೇಯಿಸಿ, ಮೂಳೆ ತೆಗೆದು ಬೇರೆ ಇಡಿ.

ಏನಾದರೂ ತಿಂದು ಒಂದೇ ಸಮನೆ ವಾಂತಿ ಮಾಡುತ್ತಿದ್ದರೆ ಉಪ್ಪುನೀರು ಕುಡಿಸಬೇಡಿ, ಅದೇ ಇನ್ನೊಂದು ವಿಷವಾಗುತ್ತದೆ. ತಿಂದ ಎಲೆಯ ಒಂದು ತುಂಡನ್ನು ಕವರ್‌ನಲ್ಲಿ ಹಾಕಿಕೊಂಡು ಪಶುವೈದ್ಯರ ಬಳಿ ಹೋಗಿ. ಪೀಣ್ಯದ ಕಡೆಯವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ದೂರವಲ್ಲ. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ನವರು ಟ್ರಾಫಿಕ್‌ನಲ್ಲಿ ಅಷ್ಟು ದೂರ ಹೋಗುವ ಬದಲು ಹತ್ತಿರದ ಪಶುವೈದ್ಯರ ಫೋನ್ ನಂಬರನ್ನು ಇವತ್ತೇ ಬರೆದಿಟ್ಟುಕೊಳ್ಳಿ.